ಅಮ್ಮ ಬಂದ ಮನೆಯ ಉಡಿ

ಈಗಿನ ಮಕ್ಕಳಿಗೆ ಜ್ವರ ಬಂದರೆ ಮಾತ್ರೆ, ಬಿಸ್ಕತ್ತು. ನಮ್ಮ ಕಾಲದಲ್ಲಿ ಮೈಮೇಲೆ ಗುಳ್ಳೆ ಎದ್ದರೆ ಮನೆಗೆ ದೇವರೇ ಬಂದ ಹಾಗೆ! ಐವತ್ತೆಂಟನೇ ಇಸವಿ ಇರಬೇಕು. ಶಿಕಾರಿಪುರದಿಂದ ಆನವಟ್ಟಿ ಕಡೆ ಹೋಗುವ ದಾರಿಯಲ್ಲಿ ನಮ್ಮೂರು. ನನಗಾಗ ಆರೋ ಏಳೋ ವರ್ಷ, ಸೀತಾಳೆ ಸಿಡುಬು ಎದ್ದಿತ್ತು. ನಮ್ಮವ್ವ ಬಸಕ್ಕ ನನ್ನನ್ನು ಬೇವಿನ ಸೊಪ್ಪಿನ ಮೇಲೆ ಮಲಗಿಸಿ, "ತಾಯೀ, ತಣ್ಣಗಿರು" ಎಂದು ನನಗೇ ಕೈಮುಗಿಯುತ್ತಿದ್ದಳು. ಬೈಯುವವರಿಲ್ಲ, ಕೆಲಸ ಹೇಳುವವರಿಲ್ಲ. ಆ ಸುಖ ನೆನೆದರೆ ಈಗಲೂ ನಗು ಬರುತ್ತದೆ.

ನಮ್ಮ ಕೇರಿಯಲ್ಲೊಂದು ಪದ್ಧತಿ ಇತ್ತು. ಅಮ್ಮ ಬಂದ, ಅಂದರೆ ಸಿಡುಬು ಎದ್ದ, ಮನೆಯಲ್ಲಿ ಮೊದಲ ಮಂಗಳವಾರ ಮೊಸರನ್ನದ ಎಡೆ ಮಾಡಿ, ಒಬ್ಬ ಮುತ್ತೈದೆಗೆ ಉಡಿ ತುಂಬಬೇಕು. ಬಸುರಿ ಸಿಕ್ಕರಂತೂ ಅಮ್ಮ ಬೇಗ ಸಂತೋಷವಾಗಿ ಹೋಗುತ್ತಾಳೆ ಅನ್ನೋ ನಂಬಿಕೆ. ಪಕ್ಕದ ಮನೆಯವರು ಕುರಿ ಸಾಕುವವರು. ಆ ಮನೆಯ ಹಾಲಮ್ಮಜ್ಜಿಯ ಸೊಸೆ ಯಮುನಮ್ಮನಿಗೆ ಮದುವೆಯಾಗಿ ಬಹಳ ವರ್ಷಕ್ಕೆ ಬಸುರು ನಿಂತಿತ್ತು. ಅಜ್ಜಿ ತಾನೇ ಸೊಸೆಗೆ ಹೂ ಮುಡಿಸಿ ನಮ್ಮನೆಗೆ ಕರೆತಂದಳು.

ಹೊಸ್ತಿಲು ದಾಟುವಷ್ಟರಲ್ಲಿ ಹಿಂದಿನಿಂದ ಕೂಗು ಬಂತು. "ಯಮುನಮ್ಮಾ, ಒಳಗೆ ಹೋಗಬ್ಯಾಡ!"

ಶಿಕಾರಿಪುರದಿಂದ ಬಸುರಿಯರನ್ನು ನೋಡಲು ಬರುತ್ತಿದ್ದ ನರ್ಸ್ ರಾಜೇಶ್ವರಮ್ಮ. ಉಡಿಯ ಸುದ್ದಿ ಕೇಳಿ ಬಿಸಿಲಲ್ಲಿ ಓಡಿ ಬಂದು ಏದುಸಿರು ಬಿಡುತ್ತಿದ್ದರು.

"ಚಿಕ್ಕೋಳಿದ್ದಾಗ ನಿಂಗೆ ಸೀತಾಳೆ ಆಗಿತ್ತೇನವ್ವಾ?"

"ಇಲ್ರೀ."

"ಹಂಗಾದ್ರೆ ಅಂಗಳದಾಗೇ ನಿಲ್ಲು. ಒಮ್ಮೆ ಆದೋರಿಗೆ ಮತ್ತೆ ಹತ್ತೋದು ಕಡಿಮೆ, ಆಗದೋರಿಗೆ ಬೇಗ ಹತ್ತತೈತೆ."

ಹಾಲಮ್ಮಜ್ಜಿಗೆ ರೇಗಿಹೋಯಿತು. "ಏನ್ರೀ ನರ್ಸಮ್ಮಾ, ಅಮ್ಮ ಅಂದ್ರೆ ರೋಗ ಅನ್ಕಂಡ್ರೇನು? ಉಡಿ ಬ್ಯಾಡ ಅಂದ್ರೆ ಆಕಿ ಸುಮ್ನಿರ್ತಾಳಾ? ಹೊಟ್ಟೆ ಕೂಸಿಗೆ ಏನಾರ ಆದ್ರೆ ನೀವು ತಂದ್ಕೊಡ್ತೀರಾ?"

"ಆ ಕೂಸಿನ ಸಲುವಾಗೇ ಹೇಳ್ತಿರೋದು. ನಿಮ್ಮ ಹಟ್ಟಿಯಾಗೆ ಒಂದು ಕುರಿ ದಿನ ತುಂಬೋ ಮುಂಚೆ ಕಂದು ಹಾಕಿದ್ರೆ ಏನ್ಮಾಡ್ತೀರಿ?"

"ಗಬ್ಬದ ಕುರಿನೆಲ್ಲಾ ಬ್ಯಾರೆ ಹಟ್ಟಿಗೆ ಹೊಡೀತೀವಿ. ಇಲ್ಲಾಂದ್ರೆ ಒಂದ್ರದ್ದು ಒಂದ್ಕೆ ಹತ್ತಿ ಎಲ್ಲಾ ಕಂದು ಹಾಕ್ತಾವೆ. ಮರಿ ಹಿಂದೆ ಬೀಳೋ ಮಾಸು ನೋಡಿದ್ರೇ ಗೊತ್ತಾಗ್ತೈತಲ್ಲ, ಕೆಟ್ಟು ಹೋಗಿರ್ತೈತೆ."

"ಕುರಿಗೆ ಅಷ್ಟು ಮಾಡೋರು ಸೊಸೆನ ಗುಳ್ಳೆ ಎದ್ದ ಮಗಿನ ಹತ್ರ ಕೂರಿಸ್ತೀರಲ್ರೀ!"

ಅಜ್ಜಿ ಸೊಸೆಯ ಕಡೆ ತಿರುಗಿ ನೋಡಿದಳು. ರಾಜೇಶ್ವರಮ್ಮ ಮೆಲ್ಲಗೆ ಹೇಳಿದರು. "ಹೆಂಗಸಿಗೂ ಮಾಸು ಐತಲ್ರೀ. ತಾಯಿಯಿಂದ ಕೂಸಿಗೆ ಅನ್ನ, ಉಸಿರು ಹೋಗೋದು ಅದ್ರ ಮೂಲಕಾನೇ. ಎಷ್ಟೋ ಬ್ಯಾನೆನ ಅದು ತಡೀತೈತೆ. ಆದ್ರೆ ಇಂಥ ಸೋಂಕು ತಾಯಿ ರಕ್ತಕ್ಕೆ ಸೇರಿದ್ರೆ ಒಂದೊಂದ್ಸಲ ಮಾಸನ್ನೇ ಕೆಡಿಸ್ತೈತೆ, ಇಲ್ಲಾ ಮಾಸು ದಾಟಿ ಕೂಸಿಗೂ ಹತ್ತತೈತೆ. ಎಲ್ಲರಿಗೂ ಹಂಗಾಗಲ್ಲ. ಆದ್ರೆ, ಕೂಸು ಸರಿಯಾಗಿ ಬೆಳೀದಂಗೆ ಆಗ್ಬೋದು, ಕಣ್ಣಿಗೆ ತೊಂದ್ರೆ ಆಗ್ಬೋದು, ಹೊಟ್ಟೆಯಾಗೇ ಹೋಗ್ಬೋದು."

ಹಾಲಮ್ಮಜ್ಜಿ ಜಗಲಿ ಮೇಲೆ ಕುಳಿತಳು.

"ನನ್ನ ಚೊಚ್ಚಲ ಬಸುರಿನಾಗೆ ನಾನೂ ಹಿಂಗೇ ಉಡಿ ತುಂಬಿಸ್ಕಂಡು ಬಂದಿದ್ದೆ ಕಣ್ರೀ. ಸ್ವಲ್ಪ ದಿನಕ್ಕೆ ನಂಗೂ ಸೀತಾಳೆ ಎದ್ತು. ಆಮ್ಯಾಲೆ ಹೆಣ್ಣು ಕೂಸು ಹೊಟ್ಟೆಯಾಗೇ ಹೋತು. ಅಮ್ಮನೇ ತಗಂಡ್ಲು ಅಂದ್ರು ಎಲ್ಲಾ. ನಾನು ಅಳಲೂ ಇಲ್ಲ."

"ಅದ್ಕೇ ಹೋತು ಅಂತ ನಾ ಆಣೆ ಇಟ್ಟು ಹೇಳಲಾರೆ. ಹೇಗೇ ಆಗ್ಲಿ, ತಪ್ಪು ನಿಮ್ದಲ್ಲ. ನಿಮಗ್ಯಾರೂ ಹೇಳಿರ್ಲಿಲ್ಲ," ಎಂದರು ರಾಜೇಶ್ವರಮ್ಮ.

ಊರಿಗೇ ಗಟ್ಟಿಗಿತ್ತಿ ಹಾಲಮ್ಮಜ್ಜಿ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅಳುವುದನ್ನು ಒಳಗಿನಿಂದ ನೋಡಿ ನನಗೂ ಅಳು ಬಂತು.

ಮೊರ ಹಿಡಿದು ನಿಂತೇ ಇದ್ದ ನಮ್ಮವ್ವ ಕೇಳಿದಳು. "ಈಗ ಉಡಿ ಯಾರಿಗೆ ತುಂಬ್ಲಿ?"

ಅಜ್ಜಿ ಕಣ್ಣೊರೆಸಿಕೊಂಡು ಮೊದಲು ಸೊಸೆಯನ್ನು ಗದರಿದಳು. "ನಡಿಯೇ ಮನೆಗೆ! ಮಗಿನ ಹಕ್ಕಳೆಯೆಲ್ಲಾ ಉದುರೋ ತಂಕ ಈ ಕಡೆ ತಲೆ ಹಾಕಿದ್ರೆ ನೋಡು!" ಆಮೇಲೆ ಅವ್ವನ ಕಡೆ ತಿರುಗಿದಳು. "ನಂಗೊಂದ್ಸಲ ಬಂದು ಹೋಗೈತೆ, ಮುತ್ತೈದೆನೂ ಹೌದು. ನಂಗೇ ತುಂಬು ಬಸಕ್ಕಾ."

"ಆಗ್ಲಿ. ಸೀರೆ ಬದಲಿಸಿ, ಕೈಕಾಲು ತೊಳ್ಕಂಡೇ ಸೊಸೆ ಹತ್ರ ಹೋಗ್ರಿ," ಎಂದರು ರಾಜೇಶ್ವರಮ್ಮ.

ಅಜ್ಜಿ ಸೆರಗೊಡ್ಡಿದಳು. ಅವ್ವ ಅಕ್ಕಿ, ಕೊಬ್ಬರಿ, ಎಲೆ ಅಡಿಕೆ ಹಾಕುತ್ತಾ ತಾನೂ ಅತ್ತಳು. ಯಮುನಮ್ಮನಿಗೆ ಸೀತಾಳೆ ಬರಲೇ ಇಲ್ಲ. ದಿನ ತುಂಬಿ ಹೆಣ್ಣು ಕೂಸು ಹುಟ್ಟಿತು, ಅದರ ಅಳು ನಮ್ಮನೆಗೂ ಕೇಳಿಸಿತು. ಆಮೇಲೆ ನಮ್ಮ ಕೇರಿಯಲ್ಲಿ ಅಮ್ಮ ಬಂದ ಮನೆಗೆ ಬಸುರಿಯನ್ನು ಯಾರೂ ಕರೆಯಲಿಲ್ಲ. ಕರೆದರೆ ಹಾಲಮ್ಮಜ್ಜಿ ಬಿಡುತ್ತಿದ್ದಳೇ!

ಅಕ್ಕತಂಗಿಯರೇ, ದೊಡ್ಡ ಸಿಡುಬು ಈಗ ಭೂಮಿ ಮೇಲೇ ಇಲ್ಲ. ಆದರೆ ಸೀತಾಳೆ, ದಡಾರ, ರುಬೆಲ್ಲಾ ಇನ್ನೂ ಇವೆ. ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ತಪ್ಪಿಸಬೇಡಿ, ಸೀತಾಳೆಗೂ ಬೇರೆ ಲಸಿಕೆ ಇದೆ. ಹೆಣ್ಣುಮಕ್ಕಳು ಬಸುರಾಗುವ ಮೊದಲೇ ವೈದ್ಯರನ್ನು ಕೇಳಿ ಹಾಕಿಸಿಕೊಳ್ಳಲಿ, ಬಸುರಾದ ಮೇಲೆ ಈ ಲಸಿಕೆಗಳನ್ನು ಹಾಕುವುದಿಲ್ಲ. ಬಸುರಿಗೆ ಜ್ವರ, ಗುಳ್ಳೆ ಕಂಡರೆ, ಅಥವಾ ಅಂಥವರ ಹತ್ತಿರ ಹೋಗಿಬಂದಿದ್ದರೆ, ಆ ದಿನವೇ ಆಸ್ಪತ್ರೆಗೆ ಫೋನು ಮಾಡಿ ಹೇಳಿ. ದೇವರಿಗೆ ಎಡೆ ಇಡಬೇಡಿ ಎಂದು ನಾನು ಹೇಳುವವಳಲ್ಲ. ಆದರೆ ನಿಮ್ಮ ಮನೆ ಸೊಸೆಗೆ ಚಿಕ್ಕಂದಿನಲ್ಲಿ ಸೀತಾಳೆ ಆಗಿತ್ತೋ ಇಲ್ಲವೋ, ನಿಮಗೆ ಗೊತ್ತೇ? ಇವತ್ತು ಮನೆಗೆ ಹೋದ ಕೂಡಲೇ ಕೇಳಿ.