ಪಾಸ್‌ಪೋರ್ಟಿಗೆ ಕಟ್ಟಿದ ಕದಿರು

ದೇವರ ಮುಂದೆ ಇಟ್ಟದ್ದನ್ನು ಮರೆತು ಬರುವವರು ಲೋಕದಲ್ಲಿ ಕಮಲಿ ಒಬ್ಬಳೇ ಏನಲ್ಲ. ಆದರೆ ಅವಳು ಮರೆತದ್ದು ಪಾಸ್‌ಪೋರ್ಟು, ನೆನಪಾದದ್ದು ಭಟ್ಕಳದ ಬಸ್‌ಸ್ಟ್ಯಾಂಡಿನಲ್ಲಿ.

ಬೆಳಿಗ್ಗೆ ಕುಮಟೆಯ ಮಗಳ ಮನೆಯಿಂದ ಹೊರಟಿದ್ದಳು. ಸಂಜೆಗೆ ಮಂಗಳೂರು ಮುಟ್ಟಬೇಕು, ವಿಮಾನ ಹತ್ತಿ ಮಸ್ಕತ್ತಿಗೆ, ಅಲ್ಲಿಂದ ಸೂರ್ ಎಂಬ ಕಡಲೂರಿಗೆ. ಭಟ್ಕಳದಲ್ಲಿ ಬಸ್ಸು ನಿಂತಾಗ ಎಲೆಯಡಿಕೆಗೆಂದು ಚೀಲಕ್ಕೆ ಕೈ ಹಾಕಿದಳು. ಎಲೆ ಸಿಕ್ಕಿತು, ಟಿಕೆಟಿನ ಕಾಗದ ಸಿಕ್ಕಿತು. ಪಾಸ್‌ಪೋರ್ಟು ಇರುವ ಕಿಸೆ ಚಪ್ಪಟೆಯಾಗಿತ್ತು.

ನಿನ್ನೆ ಹೊಸ್ತು. ಗದ್ದೆಯ ಹೊಸ ಕದಿರು ತಂದು, ಅನ್ನ ಕೊಡುವ ವಸ್ತುಗಳಿಗೆಲ್ಲ ಕಟ್ಟುವ ದಿನ. ಅಳಿಯ ರಾಜೇಶ ದೋಣಿಗೆ, ಬಲೆಗೆ ಕಟ್ಟಿದ. ಮಗಳು ಸುಶ್ಮಿತಾ ಒರಳುಕಲ್ಲಿಗೆ, ತೊಟ್ಟಿಲಿಗೆ ಕಟ್ಟಿದಳು. ಕಮಲಿ ತನ್ನ ಪಾಸ್‌ಪೋರ್ಟು ತಂದು, "ನಿಮ್ಗೆ ಅದು ದೋಣಿ, ನಂಗೆ ಇದೇ ದೋಣಿ" ಎಂದು ಕೆಂಪು ದಾರದಲ್ಲಿ ಒಂದು ಕದಿರು ಬಿಗಿದು, ದೇವರ ಮುಂದಿನ ಅಕ್ಕಿ ಹರಿವಾಣದಲ್ಲಿ ಇಟ್ಟಿದ್ದಳು. ಬೆಳಿಗ್ಗೆ ಕೈಮುಗಿದು ಹೊರಟಳು. ಮೆಟ್ಟಿಲಿಳಿಯುವಾಗ ಏನೋ ಬಿಟ್ಟುಹೋದಂತೆ ಅನಿಸಿತ್ತು, ನಿಜ. ಆದರೆ ದೂರದ ದಾರಿಗೆ ಹೊಸಿಲು ದಾಟಿದವರು ತಿರುಗಿ ನೋಡಬಾರದು. ನೋಡಲಿಲ್ಲ.

ಊರಿಗೆ ಬಂದು ಇವತ್ತಿಗೆ ಐದು ತಿಂಗಳು ಇಪ್ಪತ್ತೆಂಟು ದಿನ. ಆರು ತಿಂಗಳು ತುಂಬುವುದರೊಳಗೆ ಅಲ್ಲಿ ಇಳಿಯದಿದ್ದರೆ ವೀಸಾ ಸತ್ತಂತೆ. ಐವತ್ತೇಳರ ಹೆಂಗಸಿಗೆ ಹೊಸತು ಯಾರು ಮಾಡಿಕೊಟ್ಟಾರು? ಮಗಳ ಬಾಣಂತನ, ಕೂಸಿಗೆ ಜ್ವರ, ಮತ್ತೆ ಮಗಳಿಗೆ ಜ್ವರ ಎಂದು ದಿನ ದೂಡಿ ದೂಡಿ ಇಲ್ಲಿಗೆ ಬಂದು ನಿಂತಿತ್ತು.

ಫೋನು ಹಚ್ಚಿದಳು.

"ತಂಗೀ, ದೇವ್ರ ಮುಂದೆ ಹರಿವಾಣದಲ್ಲಿ ಎಂತ ಅದೆ ನೋಡು."

"ಅಯ್ಯೋ ಅಮ್ಮಾ! ಪಾಸ್‌ಪೋರ್ಟು! ಕದಿರು ಕಟ್ಕಂಡು ಮದುಮಗಳ ಹಾಂಗೆ ಕೂತದೆ."

"ಮುಂದಿನ ಬಸ್ಸಿನ ಡ್ರೈವರ್ ಕೈಲಿ ಕೊಟ್ಟು ಕಳ್ಸು. ನಾ ಭಟ್ಕಳದಲ್ಲೇ ಕೂತಿರ್ತೆ."

ಆಚೆ ಕೂಸು ಅಳುವುದಷ್ಟೇ ಕೇಳಿಸಿತು. ಆಮೇಲೆ ಸುಶ್ಮಿತಾ ಮೆಲ್ಲಗೆ ಹೇಳಿದಳು: "ದೇವ್ರೇ ಹಿಡ್ದು ಇಟ್ಕಂಡದ್ದು, ಅಮ್ಮ. ಹೋಗೂದು ಬೇಡ ಹೇಳೇ ಇರ್ಬೇಕು."

"ದೇವ್ರಿಗೆ ನನ್ನ ಪಾಸ್‌ಪೋರ್ಟು ಎಂತಕ್ಕೆ? ಅವ್ನಿಗೂ ವೀಸಾ ಬೇಕಾ?"

"ನಗಾಡ್ಬೇಡ. ಅಲ್ಲಿ ಆ ಉಮ್ಮಂಗೆ ಮಕ್ಕಳು ಮೊಮ್ಮಕ್ಕಳು ಎಲ್ಲಾ ಅದಾರೆ. ನಂಗೆ ಯಾರದಾರೆ?"

ಫೋನು ಕಡಿದುಹೋಯಿತು.

ಕಂಡಕ್ಟರ್ ಸೀಟಿ ಊದಿದವನು, ವಿಷಯ ಕೇಳಿ ಕೆಳಗಿಳಿದ. "ಒಳ್ಳೆ ಕತೆ ಆತು ನಿಮ್ದು" ಎಂದು ಗೊಣಗುತ್ತಲೇ ಅವಳ ಭಾರದ ಪೆಟ್ಟಿಗೆಯನ್ನು ಹೊತ್ತು ತಂದು ಫ್ಯಾನಿನ ಕೆಳಗೆ ಇಟ್ಟುಕೊಟ್ಟು ಹೋದ. ಬಸ್ಸು ಹೋಯಿತು. ಕಮಲಿ ಕೂತಳು.

ಕೂತ ಮೇಲೆ ಗೊತ್ತಾಯಿತು, ಎಷ್ಟು ದಣಿದಿದ್ದೇನೆಂದು. ಮಂಡಿಯೊಳಗೆ ಮರಳು ತುಂಬಿದಂತಿತ್ತು. ಆರು ತಿಂಗಳ ನಿದ್ದೆಯೆಲ್ಲ ಒಟ್ಟಿಗೆ ಬಂದು ಹೆಗಲ ಮೇಲೆ ಕೂತಿತು. ಪಾಸ್‌ಪೋರ್ಟು ಬರದಿದ್ದರೇ ಒಳ್ಳೆಯದಲ್ಲವೇ ಎಂದು ಒಂದು ಗಳಿಗೆ ಅನಿಸಿತು. ಮಗಳು ಕೊಡದೇ ಇರಲಿ. ತಾನು ಬೇಡವೆನ್ನಬೇಕಾಗಿಲ್ಲ, ಬಿಟ್ಟೆನೆಂಬ ಪಾಪವಿಲ್ಲ. ಮೊಮ್ಮಗಳ ತೊಟ್ಟಿಲ ಪಕ್ಕ ಚಾಪೆ ಹಾಸಿಕೊಂಡು ಮಲಗಿಬಿಡಬಹುದು.

ಹಾಗೆ ಅನಿಸಿದ್ದಕ್ಕೇ ಉಮ್ಮ ನೆನಪಾದಳು. ಸೂರಿನ ಮನೆಯ ಯಜಮಾನಿ, ಎಂಬತ್ತು ದಾಟಿದ ಮುದುಕಿ, ಕಣ್ಣು ಮಬ್ಬು. ಗಂಡ ತೀರಿದ ವರ್ಷ ಅಡುಗೆಗೆಂದು ಆ ಮನೆ ಸೇರಿದ ಕಮಲಿ ಹತ್ತೊಂಬತ್ತು ವರ್ಷದಲ್ಲಿ ಅವಳ ಕಣ್ಣೇ ಆಗಿದ್ದಳು. ಕಮಲಿ ದೀಪ ಹಚ್ಚುವ ಹೊತ್ತಿಗೆ ಉಮ್ಮ ಗೋಡೆ ತಡವಿಕೊಂಡು ಹೋಗಿ ಅಡುಗೆಮನೆಯ ಫ್ಯಾನು ಆರಿಸುವಳು, ದೀಪ ನಂದಬಾರದಲ್ಲ. ವರ್ಷದ ಮೊದಲ ಖರ್ಜೂರ ಹಣ್ಣಾದರೆ ಒಂದನ್ನು ಕಮಲಿಗೆಂದು ಸೆರಗಿನಲ್ಲಿ ಕಟ್ಟಿಡುವಳು. ಆ ಊರಿನಲ್ಲಿ ಭತ್ತವಿಲ್ಲ, ಅದಕ್ಕೆ ಹೊಸ್ತಿನ ದಿನ ಕಮಲಿ ಬಾಗಿಲಿಗೆ ಖರ್ಜೂರದ ಗರಿ ಕಟ್ಟುತ್ತಿದ್ದಳು. ಉಮ್ಮ ಅದನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ, "ನಿನ್ನ ಊರಿನದು ಹೀಗೇ ಇರ್ತದಾ?" ಎಂದು ಪ್ರತಿ ವರ್ಷ ಕೇಳುವಳು. ಕಮಲಿ ಪ್ರತಿ ವರ್ಷ, "ಹೀಗಲ್ಲ, ತಲೆ ಬಗ್ಗಿಸಿರ್ತದೆ" ಎನ್ನುವಳು. ಇವೆಲ್ಲ ಹೇಳಿದರೆ ಯಾರಿಗೆ ಅರ್ಥವಾದೀತು? ಸಂಬಳ ಎಷ್ಟು ಎಂದು ಕೇಳುವವರೇ ಎಲ್ಲ.

ಕುಮಟೆಯ ಕಡೆಯಿಂದ ಬಸ್ಸೊಂದು ಬಂತು. ಕಮಲಿ ಎದ್ದು, ಮಂಡಿ ಹಿಡಿದುಕೊಂಡು ಡ್ರೈವರನ ಕಿಟಕಿಯ ತನಕ ಹೋದಳು. "ಎಂತದೂ ಕೊಡ್ಲಿಲ್ವಲ್ಲ ಅಮ್ಮ" ಎಂದ ಅವನು. ತಿರುಗಿ ಬರುವಾಗ ಅಷ್ಟು ದೂರವೇ ಎರಡರಷ್ಟಾಗಿತ್ತು. ಮಗಳಿಗೆ ಫೋನು ಹಚ್ಚಿದಳು. ಎತ್ತಲಿಲ್ಲ.

ಪಕ್ಕದಲ್ಲಿ ಬುರ್ಖಾ ತೊಟ್ಟ ಹೆಂಗಸೊಬ್ಬಳು ಕೂತಿದ್ದಳು. ಹತ್ತಿರದ ಜಾಲಿ ಊರಿನವಳು, ಆಸ್ಪತ್ರೆಗೆ ಬಂದವಳು, ಅಣ್ಣನ ಕಾರಿಗೆ ಕಾಯುತ್ತಿದ್ದಳು. ಆಗಿನಿಂದ ಎಲ್ಲ ನೋಡುತ್ತಿದ್ದವಳು ಕೇಳಿಯೇಬಿಟ್ಟಳು.

"ಯಾವ ಊರಿಗಮ್ಮ?"

"ಸೂರ್. ಮಸ್ಕತ್ತಿನ ಆಚೆ."

"ನನ್ನ ಮಗನೂ ಮಸ್ಕತ್ತಲ್ಲೇ. ಫೋನಲ್ಲಿ ಬರೀ ಸೆಖೆ ಸೆಖೆ ಅಂತಾನೆ. ನಿಮಗೆ ಅಲ್ಲಿ ಎಂತ ಕಂಡಿತು ಅಂತ ಈ ವಯಸ್ಸಲ್ಲಿ ಓಡೂದು?"

"ಬೆಳಿಗ್ಗೆ ಕಡಲು ನೋಡ್ತೆ" ಎಂದಳು ಕಮಲಿ. "ಇದೇ ಕಡಲು. ನಮ್ಮಲ್ಲಿ ಹೊತ್ತು ಮುಳುಗೂ ಕಡಲು ಅಲ್ಲಿ ಹೊತ್ತು ಹುಟ್ಟೂ ಕಡಲು. ಆಚೆ ಮಗಳು ಎದ್ದಳು ಅಂದ್ಕಂಡು ಚಾ ಇಡ್ತೆ."

ಜಾಲಿಯವಳು ಎದ್ದುಹೋಗಿ ಎರಡು ಗ್ಲಾಸು ಚಹಾ ತಂದಳು. ಸಕ್ಕರೆ ಜಾಸ್ತಿಯಾಗಿತ್ತು, ಬಿಸಿಯಾಗಿತ್ತು. ಗಂಟಲಲ್ಲಿ ಇಳಿಯುವಾಗ ಕಮಲಿಗೆ ಆ ದಿನದ ಲೆಕ್ಕಕ್ಕೆ ಬಾರದ ಉಪಕಾರಗಳು ಒಂದೊಂದಾಗಿ ಕಂಡವು. ಗೊಣಗುತ್ತಲೇ ಪೆಟ್ಟಿಗೆ ಹೊತ್ತವನು, ಮೇಲೆ ಕಿರುಗುಟ್ಟುತ್ತ ತಿರುಗುವ ಫ್ಯಾನು, ಈ ಚಹಾ. ದೇವರು ದೊಡ್ಡದನ್ನು ಸದ್ದು ಮಾಡಿ ಕೊಡುತ್ತಾನೆ, ಸಣ್ಣದನ್ನು ಸದ್ದಿಲ್ಲದೆ ಪಕ್ಕದಲ್ಲಿ ಇಟ್ಟುಹೋಗುತ್ತಾನೆ.

ಎರಡೂವರೆಗೆ ಮಂಗಳೂರಿಗೆ ಹೋಗುವ ಇನ್ನೊಂದು ಬಸ್ಸು ಬಂತು. ಈ ಸಲ ಅವಳಿಗೆ ಏಳುವುದಾಗಲಿಲ್ಲ. ಡ್ರೈವರನೇ ಇಳಿದು ಕೂಗಿದ:

"ಕುಮಟೆಯಿಂದ ಬಂದ ಕಮಲಮ್ಮ ಯಾರು? ಪಾಸ್‌ಪೋರ್ಟಿಗೆ ಹೊಸ್ತು ಮಾಡ್ದವ್ರು?"

ಸುತ್ತಲಿನವರು ನಕ್ಕರು. ಕಮಲಿ ಕೈಯೆತ್ತಿದಳು. ಪೇಪರಿನಲ್ಲಿ ಸುತ್ತಿದ ಪೊಟ್ಟಣ ಅವನು ಕೊಟ್ಟ. ಬಿಚ್ಚಿದರೆ ಪಾಸ್‌ಪೋರ್ಟು, ಕೆಂಪು ದಾರ, ಕದಿರು. ಅದರ ಪಕ್ಕದಲ್ಲಿ ಮತ್ತೊಂದು ಕದಿರು, ತೊಟ್ಟಿಲಿಗೆ ಕಟ್ಟಿದ್ದ ಹಳದಿ ದಾರದ ಸಮೇತ.

"ನಿಮ್ಮ ಮಗಳು ಕೂಸು ಎತ್ಕಂಡು ಸ್ಟ್ಯಾಂಡಿಗೇ ಬಂದಿದ್ರು" ಎಂದ ಡ್ರೈವರ್. "ಒಂದು ಬಸ್ಸು ಎದುರಿಗೇ ನಿಂತಿತ್ತಂತೆ, ಕೊಡೂಕೆ ಕೈ ಬರ್ಲಿಲ್ಲ ಅಂದ್ರು. ಹಳದಿ ದಾರದ್ದು ಉಮ್ಮನ ಬಾಗಿಲಿಗಂತೆ. ಮರೀಬೇಡಿ ಹೇಳಿ ಎರಡೆರಡು ಸಲ ಹೇಳಿದ್ರು. ಹತ್ತಿ ಹತ್ತಿ, ವಿಮಾನ ನಿಮ್ಗೆ ಕಾಯೂದಿಲ್ಲ."

ಕಮಲಿ ಎರಡೂ ಕದಿರನ್ನು ಕಣ್ಣಿಗೊತ್ತಿಕೊಂಡಳು. ಜಾಲಿಯವಳು ಪೆಟ್ಟಿಗೆಯ ಒಂದು ಬದಿ ಹಿಡಿದಳು, ಡ್ರೈವರ್ ಇನ್ನೊಂದು ಬದಿ.

ಬಸ್ಸು ಹೊರಟಿತು. ಹೊರಟವರು ತಿರುಗಿ ನೋಡಬಾರದು. ಕಮಲಿ ಕಿಟಕಿಯಿಂದ ತಲೆ ಹೊರಹಾಕಿ, ಕುಮಟೆಯ ದಿಕ್ಕಿಗೆ, ಕಾಣುವಷ್ಟು ದೂರ ನೋಡಿದಳು.