ಖಾಲಿ ಆಕಾಶದಲ್ಲಿ ಸುತ್ತುದಾರಿ

ಭಾನುವಾರ ಮಧ್ಯಾಹ್ನ ಕನ್ನಡಕದ ಅಂಗಡಿಗೆ ಬೀಗ ಹಾಕಿ ಮನೆಗೆ ಬಂದು ನಾನು ವಿಮಾನ ಹಾರಿಸುತ್ತೇನೆ, ಕಂಪ್ಯೂಟರಿನಲ್ಲಿ. ಆಟವೇ. ಆದರೆ ಯಾವ ದಾರಿಯಲ್ಲಿ ಬರಬೇಕು, ಯಾವ ರನ್‌ವೇಯಲ್ಲಿ ಇಳಿಯಬೇಕು ಎಂದು ಕಂಟ್ರೋಲ್ ಟವರಿನವರಂತೆ ಹೇಳುವವರು ಎಲ್ಲೋ ತಮ್ಮ ಮನೆಯಲ್ಲಿ ಕೂತ ನಿಜವಾದ ಮನುಷ್ಯರು. ನನಗೆ ಯಾವಾಗಲೂ ಸಿಗುವುದು ಒಬ್ಬ ಹೆಂಗಸು. ಹೆಸರು ಗೊತ್ತಿಲ್ಲ, ಟವರಮ್ಮ ಅಂತ ನಾನೇ ಇಟ್ಟುಕೊಂಡಿದ್ದೇನೆ.

ಈ ಟವರಮ್ಮ ನನ್ನನ್ನು ನೇರವಾಗಿ ಇಳಿಸಿದ್ದೇ ಇಲ್ಲ. ಮೂಗಿನ ನೇರಕ್ಕೆ ರನ್‌ವೇ ಇದ್ದರೂ ಕೆರೆ ಸುತ್ತಿ, ಗುಡ್ಡ ಬಳಸಿ, ಆಚೆ ಕಡೆಯ ರನ್‌ವೇಗೆ ಬನ್ನಿ ಎನ್ನುತ್ತಾಳೆ. ಈ ವಾರ ನನಗೆ ತಲೆ ಕೆಟ್ಟಿತು.

"ರೀ, ಆಕಾಶದಲ್ಲಿ ನನ್ನ ಬಿಟ್ರೆ ಒಂದು ನೊಣವೂ ಇಲ್ಲ. ಯಾಕ್ರೀ ಹೀಗೆ ಸುತ್ತಿಸಿ ಸಾಯಿಸ್ತೀರಾ?"

ಹೆಡ್‌ಫೋನಿನಲ್ಲಿ, ಅವಳ ಮನೆಯ ಫ್ಯಾನ್ ಸದ್ದಿನ ನಡುವೆ, ಅವಳು ಮೆತ್ತಗೆ ಹೇಳಿದಳು: "ಇಳಿದ ತಕ್ಷಣ ನೀವು ಆಫ್ ಮಾಡಿ ಹೋಗ್ಬಿಡ್ತೀರಲ್ಲ. ಮುಂದಿನ ಭಾನುವಾರದವರೆಗೆ ನನ್ನ ಹತ್ರ ಯಾರೂ ಮಾತಾಡಲ್ಲ."

ಬೈಯೋಣವೆಂದು ಬಾಯಿ ತೆರೆದವನ ಕಣ್ಣು, ನಾನೇ ತೊಳೆದು ಬೋರಲು ಹಾಕಿದ್ದ ಒಂದೇ ತಟ್ಟೆ, ಒಂದೇ ಲೋಟದ ಮೇಲೆ ಬಿತ್ತು.

"ಹೋಗ್ಲಿ ಬಿಡಿ, ನೇರ ಬನ್ನಿ," ಎಂದು ಅವಳು ಎದುರಿನ ರನ್‌ವೇಯನ್ನೇ ಕೊಟ್ಟಳು.

ಬಿಸಿಲಿನಲ್ಲಿ ಅದು ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಊರಿಗೆಲ್ಲ ಕನ್ನಡಕ ಕೊಡುವ ನನ್ನ ಕಣ್ಣಿಗೆ ಇನ್ನೂ ಏನೂ ಆಗಿಲ್ಲ.

"ರನ್‌ವೇ ಕಾಣ್ತಿಲ್ಲ ಕಣ್ರೀ," ಅಂದೆ. "ಇನ್ನೊಂದು ಸುತ್ತು ಹಾಕಿಸಿ."