ಮೂವತ್ನಾಲ್ಕರ ಸೊಂಟ

ಇನ್ಸ್‌ಪೆಕ್ಟರ್ ಸಾಹೇಬರ ಸೊಂಟ ಮೂವತ್ನಾಲ್ಕು ಇಂಚು ಎಂದು ಇಡೀ ಠಾಣೆಗೆ ಗೊತ್ತಿತ್ತು. ಯಾಕೆಂದರೆ ಸಾಹೇಬರೇ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದರು. "ಕೆಲಸಕ್ಕೆ ಸೇರಿದಾಗ ಎಷ್ಟೋ ಈಗಲೂ ಅಷ್ಟೇ. ಬೇಕಾದ್ರೆ ಟೈಲರ್ ಮಾಸ್ಟ್ರ ಪುಸ್ತಕ ನೋಡ್ರಯ್ಯಾ!" ಪುಸ್ತಕದಲ್ಲೂ ಮೂವತ್ನಾಲ್ಕೇ ಇತ್ತು. ಹದಿನೆಂಟು ವರ್ಷದಿಂದ ಮಾಸ್ಟರು ಹಾಗೆಯೇ ಬರೆದು, ಪ್ಯಾಂಟನ್ನು ಮಾತ್ರ ಸದ್ದಿಲ್ಲದೆ ಅಗಲ ಮಾಡುತ್ತಾ ಬಂದಿದ್ದರು. ಟೇಪು ಹಿಡಿದಾಗ ಸಾಹೇಬರು ಉಸಿರು ಬಿಗಿಹಿಡಿದು ಚಾವಣಿ ನೋಡುತ್ತಿದ್ದ ಠೀವಿ ಕಂಡವರಿಗೆ ನಿಜ ಹೇಳುವ ಮನಸ್ಸಾದರೂ ಹೇಗೆ ಬರಬೇಕು!

ಆ ಸೊಂಟ ಹೊತ್ತುಕೊಂಡೇ ಅವರು ಬ್ಯಾಂಕಿನ ಕಳ್ಳರ ಹಿಂದೆ ಓಡಿದ್ದು. ಹರೆಯದ ಕಾನ್‌ಸ್ಟೇಬಲ್‌ಗಳೆಲ್ಲ ಹಿಂದೆಯೇ ಉಳಿದರು. ಮುಂದಿದ್ದವರು ಇವರೊಬ್ಬರೇ, ಗುಂಡು ತಗುಲಿದ್ದೂ ಇವರಿಗೇ.

ಅದಾಗಿ ಎಂಟು ತಿಂಗಳು. ಠಾಣೆಯ ಮುಂದೆ ನಿಲ್ಲಿಸುವ ಪ್ರತಿಮೆಗಾಗಿ ಶಿಲ್ಪಿ ಜೇಡಿಮಣ್ಣಿನಲ್ಲಿ ಆಳೆತ್ತರದ ಮೂರ್ತಿ ಮಾಡಿ ಮುಗಿಸಿದ್ದ. ನಾಳೆ ಎರಕ, ಆಮೇಲೆ ಏನನ್ನೂ ತಿದ್ದುವಂತಿಲ್ಲ. ಒಮ್ಮೆ ನೋಡಿಬಿಡಲಿ ಎಂದು ಸಾಹೇಬರ ಹೆಂಡತಿಯನ್ನು ಕರೆಸಿದ್ದ. ಅಳತೆ ಕೊಟ್ಟವರೆಂದು ಮಾಸ್ಟರೂ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಬಂದಿದ್ದರು.

ಆಕೆ ಮೂರ್ತಿಯ ಸುತ್ತ ಎರಡು ಸಲ ಬಂದರು. "ಮುಖ ಅವರದ್ದೇ. ಆದ್ರೆ ಇವರು ಬೇರೆ ಯಾರೋ," ಎಂದರು.

"ಒಂದಿಂಚೂ ಆಚೀಚೆ ಇಲ್ಲಮ್ಮಾ. ಮಾಸ್ಟ್ರ ಪುಸ್ತಕ ನೋಡ್ಕೊಂಡೇ ಮಾಡಿದ್ದು," ಎಂದ ಶಿಲ್ಪಿ.

"ಹಾಗಾದ್ರೆ ನಂಗೇ ಮರೆತುಹೋಯ್ತೇನೋ." ಆಕೆಯ ದನಿ ಸಣ್ಣಗಾಯಿತು. "ಎಂಟೇ ತಿಂಗಳಿಗೆ."

ಮಾಸ್ಟರು ಬಗಲಿನ ಪುಸ್ತಕವನ್ನು ಇನ್ನಷ್ಟು ಒತ್ತಿಹಿಡಿದರು. ಬಾಯಿ ಬಿಟ್ಟರೆ ಸತ್ತವರ ಮಾನ ಹೋಗುತ್ತದೆ, ಠಾಣೆಯವರೆಲ್ಲ ಆಡಿಕೊಂಡು ನಗುತ್ತಾರೆ. ಬಿಡದಿದ್ದರೆ ಈ ಹೆಣ್ಣುಮಗಳು ಗಂಡನನ್ನೇ ಮರೆತೆನೆಂದು ಕೊರಗುತ್ತಾಳೆ, ಅದೂ ತಾವು ಬರೆದ ಸುಳ್ಳಿನಿಂದ.

"ನೀವು ಮರೆತಿಲ್ಲಮ್ಮಾ," ಎಂದರು. "ಪುಸ್ತಕದಲ್ಲಿರೋದೇ ಸುಳ್ಳು. ಅವರ ಖುಷಿಗೆ ಬರೆದದ್ದು. ನಾನು ಹೊಲಿದು ಕೊಡ್ತಿದ್ದದ್ದು ಮೂವತ್ತೆಂಟು."

ಆಕೆ ಮಾಸ್ಟರನ್ನೇ ನೆಟ್ಟ ಕಣ್ಣಿಂದ ನೋಡಿದರು. ಆಮೇಲೆ ನಗು ಉಕ್ಕಿತು, ನಗುತ್ತಲೇ ಕಣ್ಣು ತುಂಬಿಕೊಂಡವು.

"ಮೂವತ್ತೆಂಟೂ ಸಾಲ್ತಿರಲಿಲ್ಲ ಮಾಸ್ಟ್ರೇ. ಅವರು ಸ್ನಾನಕ್ಕೆ ಹೋದಾಗ ನಾನು ಹುಕ್ಕು ಕಿತ್ತು ಒಂದಿಂಚು ಆಚೆ ಹೊಲಿದಿಡ್ತಿದ್ದೆ. ಕೊನೇವರೆಗೂ ಅವರಿಗೆ ಗೊತ್ತಾಗ್ಲಿಲ್ಲ."

ಇಷ್ಟು ವರ್ಷ ಇಬ್ಬರೂ ಒಬ್ಬರಿಗೊಬ್ಬರು ತಿಳಿಯದ ಹಾಗೆ ಒಂದೇ ಕಳ್ಳತನ ಮಾಡಿಕೊಂಡು ಬಂದಿದ್ದರು, ಅದೂ ಪೊಲೀಸಿನವರ ಮನೆಯಲ್ಲಿ. ಮಾಸ್ಟರಿಗೂ ಅಳು ತಡೆಯಲಾಗಲಿಲ್ಲ.

ಶಿಲ್ಪಿ ಟೇಪು ಚಾಚಿದ. ಆಕೆ ಬೇಡವೆಂದು ತಲೆಯಾಡಿಸಿ, ಮೂರ್ತಿಯ ಸೊಂಟವನ್ನು ಎರಡೂ ತೋಳಲ್ಲಿ ಬಳಸಿ, ಹಸಿಮಣ್ಣಿನ ಎದೆಗೆ ಕೆನ್ನೆ ಆನಿಸಿದರು. ಅಷ್ಟು ದಿನದ ಕೆಲಸ ಹಾಳಾಯಿತಲ್ಲ ಎಂದು ಬಾಯಿ ತೆರೆದ ಶಿಲ್ಪಿ, ಟೇಪನ್ನು ಸುತ್ತಿ ಜೇಬಿಗಿಟ್ಟುಕೊಂಡ.

"ಕೈ ಇಷ್ಟು ದೂರ ಹೋಗಬಾರದು," ಆಕೆ ಕಣ್ಣು ಮುಚ್ಚಿಕೊಂಡೇ ಹೇಳಿದರು. "ಮಣ್ಣು ಹಾಕ್ತಾ ಹೋಗಿ. ಕೈಗೆ ಅವರು ಸಿಕ್ಕಿದಾಗ ಸಾಕು ಅಂತ ನಾನೇ ಹೇಳ್ತೀನಿ."